ಬ್ಯಾಗು ಕಾಯುವ ಕೆಲಸ

ಮೇ ೧೧, ಬೆಳಗ್ಗೆ ೧೦.೪೦

ಬ್ಯಾಗು ಐದು. ಟೋಪಿ ಎರಡು. ನೀರಿನ ಬಾಟಲಿ ನಾಲ್ಕು, ಒಂದು ಸೋರುತ್ತಿದೆ. ಸೊಸೆ ಒಬ್ಬಳು, ನಿದ್ದೆಯಲ್ಲಿ. ಇಷ್ಟೂ ನನ್ನ ವಶ.

ನನ್ನನ್ನು ಯಾಕೆ ಕರೆತಂದಿದ್ದಾರೆ ಎಂಬುದು ನಿನ್ನೆ ರೈಲಿನಲ್ಲೇ ಗೊತ್ತಾಯಿತು. "ಅಮ್ಮನೂ ಬರ್ತಿದಾಳೆ. ಬ್ಯಾಗ್ ನೋಡ್ಕೊಳ್ಳೋಕೆ ಒಬ್ರು ಬೇಕಲ್ಲ" ಎಂದು ಮಗ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. ನಾನು ಕಣ್ಣು ಮುಚ್ಚಿ ಮಲಗಿದ್ದೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿ ಮುಚ್ಚಿಕೊಳ್ಳುವುದನ್ನು ಯಾರೂ ಕಲಿಸಲಿಲ್ಲ, ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಸಿದರು.

ಎರಡು ಅಮ್ಯೂಸ್‌ಮೆಂಟ್ ಪಾರ್ಕು, ಅಕ್ಕಪಕ್ಕ. ಒಂದು ಒಣ, ಒಂದು ಒದ್ದೆ. ಏಳು ದಿನ. ಮಗ ಲೆಕ್ಕದ ಮೇಷ್ಟ್ರು, ಗಂಟೆಗಂಟೆಗೂ ಚಾರ್ಟು ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾನೆ. ಇದಕ್ಕೆಲ್ಲ ಕಾರಣ ದೊಡ್ಡ ಮೊಮ್ಮಗಳು. ಹದಿಮೂರು ವರ್ಷ. ವಾದಕ್ಕೆ ನಿಂತರೆ ಗೋಡೆಯೂ ಒಪ್ಪಿಕೊಳ್ಳಬೇಕು, ಅದಕ್ಕೇ ಲಾಯರಮ್ಮ. ಎರಡು ವರ್ಷ ಅಪ್ಪನ ಬೆನ್ನು ಬಿದ್ದು ಒಪ್ಪಿಸಿದಳು. ಚಿಕ್ಕವಳು ಒಂಬತ್ತರ ಪಟಾಕಿ. ಅವಳ ಬಗ್ಗೆ ಬರೆಯುವುದು ಬೇಡ, ಇಡೀ ಪಾರ್ಕಿಗೇ ಕೇಳಿಸುತ್ತಿದ್ದಾಳೆ.

ಎದುರಿಗೇ ಕೆಂಪು ಹಳಿ. ಇಲ್ಲಿನ ಅತಿ ದೊಡ್ಡ ರೈಡು. ಮೇಲೆ ಹತ್ತುವಾಗ ಟಕ ಟಕ ಟಕ... ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕಿರುಚಾಟ.

ಆ ಒಂದು ಕ್ಷಣದಲ್ಲಿ ಮೇಲೆ ಏನಾಗುತ್ತದೆ? ಅದು ತಿಳಿಯಬೇಕು ನನಗೆ.

ಅದೇ ದಿನ, ಸಂಜೆ ೪

ಮೂರು ಸಲ ಹೋಗಿ ಬಂದರು. ಸೀಟು ಜೋಡಿ ಜೋಡಿ. ಮಗನೂ ಪಟಾಕಿಯೂ ಒಂದು ಜೋಡಿ. ಸೊಸೆಗೆ ಕತ್ತು ನೋವು, ಹತ್ತುವ ಹಾಗಿಲ್ಲ. ಲಾಯರಮ್ಮ ತಾನಾಗಿಯೇ ಒಂಟಿ ಸೀಟಿನವರ ಸಾಲಿಗೆ ಹೋದಳು. "ಅದು ಬೇಗ ಹೋಗುತ್ತಪ್ಪ. ಉಳಿದ ಸೀಟಿಗೆ ಒಬ್ಬೊಬ್ಬರನ್ನೇ ಕರೀತಾರೆ" ಎಂದು ವಾದ. ಗೆದ್ದಳು.

ಇಳಿದು ಬಂದವರೆಲ್ಲರ ತಲೆಯೂ ಕಾಗೆಗೂಡು. ಮಗನ ತಲೆಯಲ್ಲಿ ಇರುವ ನಾಲ್ಕು ಕೂದಲೂ ನಾಲ್ಕು ದಿಕ್ಕಿಗೆ. ಲಾಯರಮ್ಮನ ಜಡೆ ಮಾತ್ರ ಬೆಳಗ್ಗೆ ನಾನು ಹೆಣೆದ ಹಾಗೇ ಇದೆ. ಕ್ಲಿಪ್ಪೂ ಅಲುಗಿಲ್ಲ.

"ಹೇಗಿತ್ತೇ?"

"ಸೂಪರ್ ಅಜ್ಜಿ."

ಇಷ್ಟು ಮಾತಾಡುವ ಹುಡುಗಿ, ಒಂದೇ ಪದ. "ಏನು, ನಿನ್ನ ಕೂದಲಿಗೆ ಗಾಳಿಯೇ ತಾಗಲಿಲ್ವಾ?" ಎಂದೆ, ತಮಾಷೆಗೆ. ಅವಳು ಬಾಟಲಿ ಎತ್ತಿ ನೀರು ಕುಡಿದಳು. ತುಂಬ ಹೊತ್ತು ಕುಡಿದಳು.

ಮೇ ೧೨, ಮಧ್ಯಾಹ್ನ ೨.೩೦

ಮತ್ತೆ ಅದೇ ಬೆಂಚು. ಇವತ್ತು ಕೆಲಸ ಇಟ್ಟುಕೊಂಡಿದ್ದೇನೆ.

ಕೆಂಪು ಹಳಿ ಒಂದು ಸುತ್ತಿಗೆ ನೂರ ಮೂವತ್ತೆರಡು ಸೆಕೆಂಡು. ಹತ್ತು ಸಲ ಎಣಿಸಿದೆ. ಟ್ರಂಕ್ ಕಾಲ್ ಕಾಲದಲ್ಲಿ ಮೂರು ನಿಮಿಷ ಆದ ಕೂಡಲೇ "ಮೂರು ನಿಮಿಷ ಆಯಿತು" ಎಂದು ಹೇಳಬೇಕಿತ್ತು, ಅಳುತ್ತಿದ್ದವರಿಗೂ. ಅಲ್ಲಿಂದ ಬಂದ ಗೀಳು. ಇವತ್ತಿಗೂ ಹಾಲು ಕಾಯಿಸಲು ಗಡಿಯಾರ ಬೇಡ.

ಸೊಸೆಯ ಕಾಲಿಗೆ ಬ್ಯಾಗುಗಳ ಪಟ್ಟಿ ಸುತ್ತಿ ಹತ್ತು ನಿಮಿಷ ತಿರುಗಾಡಿ ಬಂದೆ. ಪಾಪ, ಎಚ್ಚರವಾಗಲಿಲ್ಲ. ಆಸ್ಪತ್ರೆಯಲ್ಲಿ ನರ್ಸು. ಈ ಏಳು ದಿನದ ರಜೆಗಾಗಿ ಎರಡು ತಿಂಗಳು ಬೇರೆಯವರ ನೈಟ್ ಡ್ಯೂಟಿಯನ್ನೂ ತಾನೇ ಮಾಡಿದ್ದಾಳೆ.

ರೈಡಿನ ಬಾಗಿಲಲ್ಲಿ ಬೋರ್ಡು. ಪೂರ್ತಿ ಓದಿದೆ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಬೆನ್ನು ಕತ್ತು ನೋವಿನವರು ಹತ್ತಬಾರದು. ವಯಸ್ಸಿನ ಮಾತೇ ಇಲ್ಲ. ಪಕ್ಕದಲ್ಲಿ ಎತ್ತರ ಅಳೆಯುವ ಕಂಬ, ನೂರ ಮೂವತ್ತರ ಗೆರೆಗಿಂತ ಕೆಳಗಿರಬಾರದು. ಯಾರೂ ನೋಡದಾಗ ನಿಂತು ನೋಡಿದೆ. ಹದಿನೈದು ಸೆಂಟಿಮೀಟರ್ ಮೇಲಿದ್ದೇನೆ. ಬಹಳ ದಿನದ ಮೇಲೆ ಎತ್ತರದವಳು ಅನ್ನಿಸಿತು.

ಅಲ್ಲಿ ಟೋಪಿ ಹಾಕಿದ ಒಬ್ಬಳು, ಗುಂಡಿ ಒತ್ತುವವಳು, ಊಟಕ್ಕೆ ಹೊರಟಿದ್ದಳು. ಹಿಡಿದು ನಿಲ್ಲಿಸಿದೆ.

"ಒಂದೇ ಗುಂಡಿಗೆ ಹೊರಡುತ್ತಾ ಅದು?"

"ಇಲ್ಲ ಅಮ್ಮಾ, ಎರಡಿದೆ. ಈ ಕಡೆ ನಾನು, ಆ ಕಡೆ ಇನ್ನೊಬ್ಳು. ಇಬ್ರೂ ಒಟ್ಟಿಗೆ ಒತ್ತಿದ್ರೇನೇ ಹೊರಡೋದು."

"ಒಬ್ಳು ಒತ್ತದಿದ್ರೆ?"

"ಅಲ್ಲೇ ನಿಂತಿರುತ್ತೆ. ನೀವೂ ಹತ್ತಬೇಕಾ?"

"ಸುಮ್ನೆ ಕೇಳ್ದೆ" ಎಂದೆ. ಸುಮ್ಮನೆ ಕೇಳಿದ್ದಲ್ಲ.

ಊಟದ ಹೊತ್ತಿಗೆ ಮಗನ ಮುಂದೆ ಮೆಲ್ಲಗೆ ಎತ್ತಿದೆ, ನಾನೂ ಒಂದು ಸಲ ಹೋಗಿ ನೋಡಲೇ ಎಂದು. ಬ್ರೆಡ್ಡು ಗಂಟಲಿಗೆ ಸಿಕ್ಕಿಕೊಂಡ ಹಾಗೆ ನೋಡಿದ. "ಅಮ್ಮ, ನಿಂಗೆ ಅರವತ್ತೊಂಬತ್ತು." ಲೆಕ್ಕದ ಮೇಷ್ಟ್ರು, ಅಂಕಿ ತಪ್ಪಿಲ್ಲ.

ಮೇ ೧೩, ಮಧ್ಯಾಹ್ನ ೨

ಒದ್ದೆ ಪಾರ್ಕು. ಬೆಂಚು ಬೇರೆ, ಬ್ಯಾಗು ಅವೇ.

ಇಲ್ಲಿ ಎತ್ತರದ ಗೋಪುರದಿಂದ ನೀರಿನ ಕೊಳವೆಯೊಳಗೆ ಜಾರಿ ಬರಬೇಕು. ಪಟಾಕಿ ತೊಟ್ಟಿಕ್ಕುತ್ತ ಬಂದಳು. ಮಗ ನೀರಿನಿಂದ ಎದ್ದ ಎಮ್ಮೆಯ ಹಾಗೆ ಬಂದ. ಲಾಯರಮ್ಮನ ಮುಖ ಒದ್ದೆ, ಭುಜ ಒದ್ದೆ. ಮಂಡಿಯ ಕೆಳಗೆ ಒಂದು ಹನಿ ಇಲ್ಲ.

ಇದು ಚಿಮುಕಿಸಿಕೊಂಡ ನಲ್ಲಿಯ ನೀರು.

ಈ ಹುಡುಗಿ ಎಲ್ಲಿಗೆ ಹೋಗಿ ಬರುತ್ತಾಳೆ? ಸಾಲಿಗೆ ಹೋಗುವುದನ್ನು ನಾನೇ ನೋಡುತ್ತೇನೆ. ಹೊರಗೆ ಬರುವ ದಾರಿಯಲ್ಲಿ ಕಾಣುವುದಿಲ್ಲ, ಆಮೇಲೆ ನೋಡಿದರೆ ಅಪ್ಪನ ಪಕ್ಕ ನಿಂತಿರುತ್ತಾಳೆ. ಯಾರನ್ನಾದರೂ ನೋಡಲು ಹೋಗುತ್ತಾಳೋ? ಫೋನು ಅವಳಮ್ಮನ ಬ್ಯಾಗಿನಲ್ಲೇ ಇದೆ. ಐಸ್‌ಕ್ರೀಮೋ? ನಾಲಿಗೆ ನೋಡಿದೆ. ಬಣ್ಣವಿಲ್ಲ.

ಮೇ ೧೪, ಮಧ್ಯಾಹ್ನ ೧೨.೨೦

ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತೇನೋ.

ಒಣ ಪಾರ್ಕು. ಅವರು ಸಾಲಿಗೆ ಹೋದ ಮೇಲೆ ಬೆಂಚು ಬಿಟ್ಟೆ. ಕೆಂಪು ಹಳಿಯ ಹಿಂಭಾಗದಲ್ಲಿ, ಪಾಪ್‌ಕಾರ್ನ್ ಅಂಗಡಿಯ ಮರೆಯಲ್ಲಿ, ಒಂದು ಸಣ್ಣ ನೀಲಿ ಬಾಗಿಲು. ಸಾಲಿನ ತುದಿವರೆಗೆ ಹೋಗಿ, ಹತ್ತುವ ಜಾಗದಲ್ಲಿ ಧೈರ್ಯ ಕೈಕೊಟ್ಟವರನ್ನು ಹೊರಗೆ ಬಿಡುವ ಬಾಗಿಲು. ಹತ್ತು ನಿಮಿಷದಲ್ಲಿ ಒಬ್ಬ ಮೀಸೆಯವನು ಬಂದ, ಕೈ ಕೈ ಹಿಡಿದು ಇಬ್ಬರು ಹುಡುಗಿಯರು ಬಂದರು. ಆಮೇಲೆ ಇವಳು.

ಮೆಟ್ಟಿಲ ಮೇಲೆ ಕುಳಿತಳು. ಮಂಡಿ ತಬ್ಬಿಕೊಂಡು, ಮೇಲೆ ಓಡುವ ಗಾಡಿಯನ್ನೇ ನೋಡುತ್ತ. ಅದು ನಿಂತ ಸದ್ದು ಕೇಳಿದ ಮೇಲೆ ಎದ್ದು, ಎರಡೂ ಕೈಯಿಂದ ತನ್ನ ಜಡೆಯನ್ನು ತಾನೇ ಕೆದರಿಕೊಂಡಳು. ಕೆನ್ನೆ ಉಜ್ಜಿ ಕೆಂಪು ಮಾಡಿಕೊಂಡಳು. ಆಮೇಲೆ ನಗುತ್ತ ಅಪ್ಪನ ಕಡೆ ಓಡಿದಳು.

ಕೂದಲಿನ ಮಾತು ಆಡಿದವಳು ನಾನೇ. ನಾಲಿಗೆ ಕಚ್ಚಿಕೊಂಡೆ.

ಬೆಂಚಿಗೆ ಬಂದಾಗ ಸೊಸೆ ಹಾಗೇ ಮಲಗಿದ್ದಳು. ಒಂದು ಟೋಪಿ ಹಾರಿಹೋಗಿದೆ. ನಾನು ಏನೂ ನೋಡಿಲ್ಲ.

ಮೇ ೧೬, ಬೆಳಗ್ಗೆ ೭, ಕೋಣೆ

ನಿನ್ನೆ ಬರೆಯಲಿಲ್ಲ. ನಿನ್ನೆ ಮಾತಾಡಿದೆವು. ಒದ್ದೆ ಪಾರ್ಕಿನಲ್ಲಿ ಮಗನೂ ಪಟಾಕಿಯೂ ಅಲೆಯ ಕೊಳಕ್ಕೆ ಹೋಗಿದ್ದಾಗ, ನಾನೂ ಲಾಯರಮ್ಮನೂ, ಬ್ಯಾಗುಗಳ ಮತ್ತು ನಿದ್ದೆಯಲ್ಲಿದ್ದ ಸೊಸೆಯ ನಡುವೆ.

ಆಪರೇಟರ್ ಆದವಳು ಕೇಳಿದ್ದನ್ನು ಬರೆಯುವುದಿಲ್ಲ. ಆದರೂ ಇದು ಮರೆತುಹೋಗಬಾರದು, ಅದಕ್ಕೇ ಸ್ವಲ್ಪ.

"ನೀಲಿ ಬಾಗಿಲು ನಾನು ನೋಡಿದೀನಿ ಕಣೇ" ಎಂದೆ. ಸುತ್ತಿ ಬಳಸುವುದು ನನಗೆ ಬರುವುದಿಲ್ಲ.

"ಅಪ್ಪಂಗೆ ಹೇಳ್ಬೇಡ ಅಜ್ಜಿ."

"ಭಯ ಆದ್ರೆ ಭಯ ಅಂತ ಹೇಳೋಕೇನು? ಯಾರು ಹೊಡೀತಾರೆ?"

"ಹೊಡೆದ್ರೆ ಪರ್ವಾಗಿಲ್ಲ. ಎರಡು ವರ್ಷ ಕಾಡ್ಸಿ ಕರ್ಕೊಂಡ್ ಬಂದಿದ್ದು ನಾನು. ಅಮ್ಮ ಹೇಗೆ ನಿದ್ದೆ ಮಾಡ್ತಿದಾಳೆ ನೋಡು. ಅಪ್ಪ ರಾತ್ರಿಯೆಲ್ಲ ಕೂತು ಚಾರ್ಟ್ ಮಾಡ್ದ. ಈಗ ಬಂದು, ನಂಗೆ ಹತ್ತೋಕೇ ಆಗಲ್ಲ ಅಂದ್ರೆ..." ಪ್ರತಿ ಸಲವೂ ಹತ್ತಲೆಂದೇ ಹೋಗುತ್ತಾಳಂತೆ. ಸಾಲಿನ ಕೊನೆಯಲ್ಲಿ ಕಾಲು ಹೂತುಹೋಗುತ್ತದಂತೆ.

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವಳು ಮೂಗು ಒರೆಸಿಕೊಂಡು, "ನಿಂಗೆ ಹತ್ತೋಕೆ ಆಸೆ ಅಲ್ವಾ ಅಜ್ಜಿ? ದಿನಾ ಆ ಬೋರ್ಡ್ ಓದ್ತೀಯಲ್ಲ" ಎಂದಳು.

ನಾನೊಬ್ಬಳೇ ನೋಡುತ್ತಿದ್ದೇನೆ ಎಂದುಕೊಂಡಿದ್ದೆ.

ಅದೇ ದಿನ, ಸಂಜೆ ೬

ಆಪತ್ತು. ಮಗ ಹೊಸ ಯೋಜನೆ ಹಾಕಿದ್ದಾನೆ.

ಕೆಂಪು ಹಳಿಯ ಇಳಿಜಾರಿನಲ್ಲಿ ಕ್ಯಾಮೆರಾ ಇದೆ, ಒಂದು ಡಬ್ಬಿಗೆ ಒಂದು ಫೋಟೊ. ಡಬ್ಬಿಯಲ್ಲಿ ನಾಲ್ಕು ಸೀಟು. ನಾಳೆ ಕೊನೆಯ ದಿನ, ಅಪ್ಪನೂ ಇಬ್ಬರು ಮಕ್ಕಳೂ ಒಂದೇ ಡಬ್ಬಿಯಲ್ಲಿ ಕುಳಿತು ಫೋಟೊ ತೆಗೆಸಿಕೊಳ್ಳಬೇಕಂತೆ. ಮನೆಯ ಹಾಲ್ ಗೋಡೆಗೆ ತೂಗುಹಾಕಲು. "ಇಷ್ಟು ದಿನ ಇವಳು ಬೇರೆ ಡಬ್ಬಿ, ನಾವು ಬೇರೆ ಡಬ್ಬಿ. ನಾಳೆ ಒಂಟಿ ಸಾಲು ಬೇಡ" ಎಂದು ಲಾಯರಮ್ಮನ ಬೆನ್ನು ತಟ್ಟಿದ.

ಲಾಯರಮ್ಮ ವಾದ ಮಾಡಲಿಲ್ಲ. ನನ್ನ ಕಡೆ ನೋಡಿದಳು.

"ಆ ನಾಲ್ಕನೇ ಸೀಟು ನನ್ನದು" ಎಂದೆ.

ಗಲಾಟೆಯೋ ಗಲಾಟೆ. ಮಗ ವಯಸ್ಸು ಎಂದ, ಮೂಳೆ ಎಂದ, ಜನ ಏನಂತಾರೆ ಎಂದ. "ಬೋರ್ಡಲ್ಲಿ ನನ್ನ ಹೆಸರಿಲ್ಲ" ಎಂದೆ. ಪಟಾಕಿ ನನ್ನ ಪಕ್ಷ ಸೇರಿ ಮಂಚದ ಮೇಲೆ ಕುಣಿದಳು. ಕೊನೆಗೆ ಮಗ ಚಾರ್ಟಿನಲ್ಲಿ ಪೆನ್ಸಿಲಿನಿಂದ 'ಅಮ್ಮ' ಎಂದು ಬರೆದ. ಅಳಿಸಲು ಸುಲಭವಾಗಲಿ ಎಂದೇ ಪೆನ್ಸಿಲು.

ಮೇ ೧೭, ಬೆಳಗ್ಗೆ ೧೦.೩೦

ಬೆಂಚಿನ ಮೇಲೇ ಬರೆಯುತ್ತಿದ್ದೇನೆ. ಹೌದು, ಬೆಂಚು.

ಪಾರ್ಕಿನ ಬಾಗಿಲು ತೆರೆದ ಕೂಡಲೇ ಹೋದೆವು, ಜನವೇ ಇರಲಿಲ್ಲ. ಹತ್ತುವ ಜಾಗಕ್ಕೆ ಬಂದೆವು. ಮಗ, ಪಟಾಕಿ ಮುಂದೆ ಕುಳಿತರು. ನಮ್ಮದು ಹಿಂದಿನ ಸೀಟು. ಎಡಕ್ಕೆ ನೀಲಿ ಬಾಗಿಲು. ಲಾಯರಮ್ಮನ ಕೈ ನನ್ನ ಕೈಯಲ್ಲಿತ್ತು, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ. ಅವಳು ಮುಂದೆ ಬರಲಿಲ್ಲ. ಪಟಾಕಿ ಹಿಂದೆ ತಿರುಗಿ "ಅಕ್ಕ, ಬೇಗ ಬಾರೇ" ಎಂದು ಕೂಗಿದಳು. ಮಗನೂ ತಿರುಗತೊಡಗಿದ.

ಮೂರು ನಿಮಿಷ ಯೋಚಿಸುವಷ್ಟು ಹೊತ್ತು ಇರಲಿಲ್ಲ.

"ನನ್ನ ಕೈಲಾಗಲ್ಲಪ್ಪ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಕಾಲು ನಡುಗ್ತಿದೆ. ಏ ಲಾಯರಮ್ಮ, ನನ್ನನ್ನ ಹೊರಗೆ ಕರ್ಕೊಂಡು ಹೋಗು."

ನೀಲಿ ಬಾಗಿಲಿನಿಂದ ಹೊರಗೆ ಬಂದೆವು. ಹಿಂದೆ ಗಾಡಿ ಹೊರಟಿತು. ಟಕ ಟಕ ಟಕ... ನಾನು ಮೇಲೆ ನೋಡಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ.

ಅದೇ ದಿನ, ಮಧ್ಯಾಹ್ನ ೧.೪೫

ಬೇಗ ಬೇಗ ಬರೆಯುತ್ತೇನೆ.

ಫೋಟೊ ಬಂತು. ಮುಂದೆ ಪಟಾಕಿ, ಬಾಯಿ ಪೂರ್ತಿ ತೆರೆದು. ಪಕ್ಕದಲ್ಲಿ ಮಗ. ಹಿಂದೆ ಖಾಲಿ ಸೀಟು ಎರಡು. ಮಗನಿಗೆ ಖುಷಿಯೋ ಖುಷಿ. ಊಟದುದ್ದಕ್ಕೂ ಅದೇ. "ನಾನು ಹೇಳ್ಲಿಲ್ವಾ? ಬೋರ್ಡಲ್ಲಿ ಹೆಸರಿಲ್ವಂತೆ. ಬಾಗಿಲವರೆಗೆ ಹೋಗಿ ಓಡಿ ಬಂದ್ಲು." ಪಕ್ಕದ ಮೇಜಿನವರಿಗೂ ಹೇಳಿದ. ಅವರೂ ನಕ್ಕರು. ನಾನು ಚಿಪ್ಸು ತಿಂದೆ. ಮೂವತ್ತೊಂದು ವರ್ಷ ಬಾಯಿ ಮುಚ್ಚಿದ ಅನುಭವ ಕೈಹಿಡಿಯಿತು.

ನಾಲ್ಕನೆಯ ಸಲ ಅವನು ಶುರು ಮಾಡಿದಾಗ ಲಾಯರಮ್ಮ ಲೋಟ ಕೆಳಗಿಟ್ಟಳು.

"ಅಜ್ಜಿ ಓಡಿ ಬರ್ಲಿಲ್ಲಪ್ಪ. ಓಡಿ ಬಂದಿದ್ದು ನಾನು. ಅಜ್ಜಿ ನನಗೋಸ್ಕರ ಸುಳ್ಳು ಹೇಳಿದ್ದು."

ಫೋಟೊದ ಖಾಲಿ ಸೀಟಿನ ಮೇಲೆ ಬೆರಳಿಟ್ಟಳು.

"ನಾನು ಒಂದು ಸಲವೂ ಹತ್ತಿಲ್ಲ. ಒಂದು ದಿನವೂ. ಆ ಕೊಳವೆಯೂ ಇಲ್ಲ. ಸುಮ್ನೆ ಹೋಗಿ ಸುಮ್ನೆ ಬರ್ತಿದ್ದೆ."

ಮಗ ಚಾರ್ಟು ಎತ್ತಿಕೊಂಡ. ನೋಡಿದ. ಕೆಳಗಿಟ್ಟ. ಇವನು ಈಗ ಒಂದು ಮಾತು ತಪ್ಪಿ ಆಡಿದರೆ ಈ ಹುಡುಗಿ ಮುಂದೆಂದೂ ನಿಜ ಹೇಳುವುದಿಲ್ಲ ಎಂದುಕೊಂಡೆ. ಅವನು ಫೋಟೊವನ್ನು ಅವಳ ಮುಂದೆ ಜರುಗಿಸಿದ.

"ನನ್ನ ಕಣ್ಣು ನೋಡು" ಎಂದ.

ನೋಡಿದೆವು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಪಟಾಕಿಯ ತೋಳು ಹಿಡಿದಿದ್ದ, ಅವಳಿಗಾಗಿ ಅಲ್ಲ.

"ಇಷ್ಟು ದಿನವೂ ಹೀಗೇ. ಇಳಿದ ಮೇಲೆ ನಿಮ್ಮಮ್ಮನ ಪಕ್ಕ ಮಲಗಿಬಿಡೋಣ ಅನ್ಸುತ್ತೆ. ನಿಂಗಿಷ್ಟ ಅಂತ ಹೋಗ್ತಿದ್ದೆ ಕಣೇ."

ಅವಳು ನಕ್ಕಳೋ ಅತ್ತಳೋ, ಎರಡೂ ಇತ್ತು. ಪಟಾಕಿ "ನಂಗೆ ಮಾತ್ರ ಇಷ್ಟಾನಾ ಹಾಗಾದ್ರೆ?" ಎಂದು ಎಲ್ಲರನ್ನೂ ನೋಡಿದಳು. ಮಗ ನನ್ನ ಕಡೆ ತಿರುಗಿ ಏನೋ ಹೇಳಲು ಹೋದ. ಕೈ ಆಡಿಸಿ ಸುಮ್ಮನಾಗಿಸಿದೆ. ಹೇಳಬೇಕಾದ್ದು ಅವನ ಮುಖದಲ್ಲೇ ಇತ್ತು.

ಆಗ ಲಾಯರಮ್ಮ ಎದ್ದು ಐದೂ ಬ್ಯಾಗು ಎಳೆದುಕೊಂಡಳು.

"ಸ್ಟೇಷನ್ ಬಸ್ಸಿಗಿನ್ನೂ ಎರಡು ಗಂಟೆ ಇದೆ. ಬ್ಯಾಗ್ ನಾನು ನೋಡ್ಕೋತೀನಿ. ಅಜ್ಜಿ ಹೋಗಿ ಬರ್ಲಿ."

ಮಗ ಬಾಯಿ ತೆರೆದ. ಏಳು ದಿನ ನಿದ್ದೆ ಮಾಡಿದ ಸೊಸೆ ಒಂದು ಕಣ್ಣು ಬಿಟ್ಟಳು.

"ಹೋಗ್ಲಿ ಬಿಡ್ರೀ. ಅತ್ತೆ ಬಿ.ಪಿ. ನಿಮ್ಮದಕ್ಕಿಂತ ಚೆನ್ನಾಗಿದೆ. ಹೊರಡೋ ಮುಂಚೆ ನಾನೇ ನೋಡಿದೀನಿ."

ಕಣ್ಣು ಮುಚ್ಚಿಕೊಂಡಳು.

೨.೨೫, ಒಂಟಿ ಸೀಟಿನವರ ಸಾಲು

ನಿಂತೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ಮುಂದೆ ಆರು ಜನ.

ಇಲ್ಲಿಂದ ಬೆಂಚು ಕಾಣುತ್ತದೆ. ಬೇರೆ ಕಡೆಯಿಂದ ಅದನ್ನು ನೋಡಿದ್ದು ಇದೇ ಮೊದಲು, ಚಿಕ್ಕದಾಗಿದೆ. ಲಾಯರಮ್ಮ ಮಡಿಲ ತುಂಬ ಬ್ಯಾಗು ಇಟ್ಟುಕೊಂಡು ಅಪ್ಪನ ವಾಚು ಹಿಡಿದು ಕುಳಿತಿದ್ದಾಳೆ. ನೂರ ಮೂವತ್ತೆರಡು ಎಂದು ಹೇಳಿಕೊಟ್ಟಿದ್ದೇನೆ. ಎಣಿಸುತ್ತಾಳಂತೆ.

ಮುಂದೆ ಮೂವರು. ಗುಂಡಿಯವಳು ನನ್ನ ಗುರುತು ಹಿಡಿದಳು. "ಸುಮ್ನೆ ಕೇಳಿದ್ರಲ್ಲ" ಎಂದು ನಕ್ಕಳು. ಪುಸ್ತಕ, ಕನ್ನಡಕ ಎಲ್ಲ ಈ ಗೂಡಿನಲ್ಲಿ ಇಡಬೇಕಂತೆ.

ಎಡಕ್ಕೆ ನೀಲಿ ಬಾಗಿಲು. ನೋಡಿದೆ. ಸ್ವಲ್ಪ ಹೆಚ್ಚೇ ಹೊತ್ತು ನೋಡಿದೆ. ಈಗ ಕಾಲು ನಿಜವಾಗಿಯೂ ನಡುಗುತ್ತಿದೆ. ಬೆಳಗ್ಗೆ ಹೇಳಿದ ಸುಳ್ಳು ನಿಜವಾಯಿತು. ಹುಡುಗಿ ಇಲ್ಲಿ ದಿನಾ ಒಬ್ಬಳೇ ನಿಂತಿದ್ದಳಲ್ಲ...

ಒಂದು ಸೀಟು ಉಳಿದಿದೆ. "ಒಬ್ರೇ ಯಾರಿದೀರಿ?" ಎಂದು ಕೇಳುತ್ತಿದ್ದಾಳೆ. ನಾನು—