ನಿಮ್ಮ ಸ್ವೆಟರಿನೊಳಗಿನ ಮರಿ

ರೀ,

ಇದನ್ನ ಓದೋಕೆ ನೀವಿಲ್ಲ ಅಂತ ಗೊತ್ತು. ಆದರೂ ಹೇಳದೆ ಇದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತೆ. ನಿಮ್ಮ ದೊರೆ ಇವತ್ತು ಒಂದು ಬೆಕ್ಕಿನ ಮರಿಯನ್ನ ಮನೆಗೆ ಸೇರಿಸಿಕೊಂಡ!

ಹೌದು, ಕನ್ನಡೀಲಿ ತನ್ನ ಮುಖ ಕಂಡರೂ ಗುರ್ ಅನ್ನೋ ನಿಮ್ಮ ಅದೇ ಗಂಡುಬೆಕ್ಕು. ಮಗಳು ಮರಿ ತಂದಾಗಿನಿಂದ ಮುಚ್ಚಿದ ರೂಮಿನ ಮುಂದೆ ಬಾಲ ಉಬ್ಬಿಸಿಕೊಂಡು ಕೂತಿದ್ದ. "ಮರಿಗೆ ಸುತ್ತಿದ ಬಟ್ಟೆ ಅವನಿಗೆ ಮೂಸೋಕೆ ಕೊಡಿ, ವಾಸನೆ ಪರಿಚಯ ಆಗಲಿ" ಅಂದಿದ್ದರು ಡಾಕ್ಟರು. ನಾನು ಗಡಿಬಿಡೀಲಿ ಬಾಗಿಲ ಹಿಂದೆ ಕೈಗೆ ಸಿಕ್ಕಿದ್ದನ್ನ ಎಳೆದು ಮರಿಗೆ ಸುತ್ತಿಬಿಟ್ಟೆ. ನೋಡಿದರೆ, ನೀವು ಹೋದಾಗಿನಿಂದ ಒಗೆಯದೆ ನೇತುಹಾಕಿದ್ದ ನಿಮ್ಮ ಡ್ಯೂಟಿ ಸ್ವೆಟರು!

"ಅಮ್ಮಾ, ಅದು ಅಪ್ಪಂದು!" ಅಂತ ಮಗಳು ಕಿರುಚಿದಳು. ಅಷ್ಟರಲ್ಲಿ ನಾನು ಹಾಕದೆ ಬಿಟ್ಟಿದ್ದ ಬಾಗಿಲಿಂದ ದೊರೆ ಒಳಗೆ ನುಗ್ಗೇಬಿಟ್ಟ. ಅವನು ತೋಳು ಮೂಸಿದ, ಕಾಲರ್ ಮೂಸಿದ, ಮರಿಯನ್ನ ಮೂಸಿದ. ಆಮೇಲೆ, ನಂಬ್ತೀರಾ, ಅದರ ತಲೆ ನೆಕ್ಕೋಕೆ ಶುರು ಮಾಡಿದ! ನೀವು ಡಿಪೋದಲ್ಲಿ ಬಸ್ಸು ಬಿಟ್ಟು ಬಂದಾಗ ನಿಮ್ಮ ಕೈ ನೆಕ್ಕುತ್ತಿದ್ದನಲ್ಲ, ಥೇಟ್ ಹಾಗೆ.

"ಡೀಸೆಲ್ ನಾತ, ಮೊದಲು ಆ ಸ್ವೆಟರು ಬಿಚ್ಚಿ" ಅಂತ ದಿನಾ ನಿಮ್ಮನ್ನ ಬಾಗಿಲಲ್ಲೇ ನಿಲ್ಲಿಸುತ್ತಿದ್ದವಳು ನಾನು. ಇವರಿಬ್ಬರು ಅದರಲ್ಲೇ ಮುಖ ಹುದುಗಿಸಿ ನಿದ್ದೆ ಹೊಡೆದರು!

ಎದ್ದ ಮೇಲೆ ನೋಡಿದರೆ ಮರಿ ಅದರ ತುಂಬ ಉಚ್ಚೆ ಹೊಯ್ದಿದೆ. ಒಗೀಲೇಬೇಕು ಅಂತಾಳೆ ಮಗಳು. ಬಕೆಟ್ಟಿಗೆ ನೀರು ಹಿಡಿದು ಸೋಪಿನ ಪುಡಿ ಕಲಸಿಟ್ಟು ಬಂದೆ. ನೊರೆ ಆಗಲೇ ಇಳಿದುಹೋಯ್ತು, ಸ್ವೆಟರು ಇನ್ನೂ ನನ್ನ ಪಕ್ಕದಲ್ಲೇ ಇದೆ. ನಾನಿನ್ನೂ ನಿಮಗೆ ಬರೀತಾನೇ ಇದ್ದೀನಿ.