ಅಮ್ಮನ ತೋಳು, ಅಪ್ಪನ ಕೈವಾಡ

ಅಂಗಡಿಯ ಮೇಲಿನ ಮನೆ,
ಹದಿನಾಲ್ಕನೇ ತಾರೀಕು, ಭಾನುವಾರ

ಪ್ರೀತಿಯ ಬಾಬಿನ್ ಮಗಳೇ,

ಮೊದಲು ತಪ್ಪೊಪ್ಪಿಗೆ. ನಾನು, ಅಂದರೆ ನಿನ್ನ ಜನ್ಮದಾತ, ಸ್ವಸ್ಥಚಿತ್ತದಿಂದ ಒಪ್ಪಿಕೊಳ್ಳುವುದೇನೆಂದರೆ: ನಿನ್ನ ಕಪಾಟಿನ ಎರಡನೇ ಖಾನೆಯಲ್ಲಿ ಯಾರಿಗೂ ಕೇಡು ಬಯಸದೆ ಮಲಗಿದ್ದ ನೀಲಿ ಟೀ ಶರ್ಟನ್ನು, ಹಡಗಿನ ತರಬೇತಿಗೆ ಆಯ್ಕೆಯಾದ ದಿನ ನೀನು ಹಾಕಿಕೊಂಡಿದ್ದ ಅದೇ ಟೀ ಶರ್ಟನ್ನು, ಹಗಲು ಹೊತ್ತಿನಲ್ಲೇ ಕತ್ತರಿಯಿಂದ ಕೊರಳಿನಿಂದ ಅಂಚಿನವರೆಗೆ ಸೀಳಿದ್ದೇನೆ. ಮೃತರು ಹೆಚ್ಚು ನರಳಲಿಲ್ಲ. ಅದರ ಹಿಂದೆಯೇ ನಿನ್ನ ಇನ್ನೂ ಮೂರು ದೊಗಳೆ ಅಂಗಿಗಳು ಅದೇ ದಾರಿ ಹಿಡಿದವು. ಕಾರಣ ಕೇಳು. ಆಪರೇಷನ್ ಆದಮೇಲೆ ಅಮ್ಮ ತೋಳೆತ್ತಿ ತಲೆಯ ಮೇಲಿಂದ ಬಟ್ಟೆ ಇಳಿಸಿಕೊಳ್ಳುವ ಹಾಗಿರಲಿಲ್ಲ. ಎದುರಿಗೆ ತೆರೆದುಕೊಳ್ಳುವ, ಮೆತ್ತಗಿನ, ದೊಗಳೆ ಬಟ್ಟೆಯೇ ಆಗಬೇಕು ಎಂದಿದ್ದರು. ಈ ಮನೆಯಲ್ಲಿ ತನ್ನ ಅಳತೆಗಿಂತ ಎರಡು ಪಟ್ಟು ದೊಡ್ಡ ಬಟ್ಟೆ ಕೊಂಡು ‘ಇದೇ ಫ್ಯಾಷನ್ ಅಪ್ಪಾ’ ಎನ್ನುತ್ತಿದ್ದವಳು ನೀನೊಬ್ಬಳೇ. ಸೀಳಿದ ಕಡೆ ವೆಲ್ಕ್ರೋ ಪಟ್ಟಿ ಹೊಲಿದೆ. ಗುಂಡಿ ಹಾಕಲಿಲ್ಲ, ಬೆರಳು ಊದಿಕೊಂಡವರಿಗೆ ಗುಂಡಿಗಿಂತ ದೊಡ್ಡ ಶತ್ರುವಿಲ್ಲ. ಆದ್ದರಿಂದ ಇದನ್ನು ಕೊಲೆ ಎನ್ನದೆ ಶಸ್ತ್ರಚಿಕಿತ್ಸೆ ಎಂದು ಪರಿಗಣಿಸಬೇಕಾಗಿ ಪ್ರಾರ್ಥನೆ.

ಇನ್ನು ಕ್ಷೇಮ ಸಮಾಚಾರ. ಹೇಗಿದ್ದೀಯ? ಇಂಜಿನ್ ಕೋಣೆಯ ಕಾವಿಗೆ ಕುತ್ತಿಗೆಯ ಮೇಲೆ ಎದ್ದಿದ್ದ ಬೆವರುಗುಳ್ಳೆ ಹೋಯಿತಾ? ಅಲೆ ಎದ್ದಾಗ ಹೊಟ್ಟೆ ತೊಳಸುವುದು ನಿಂತಿದೆಯಾ, ಇಲ್ಲಾ ಇನ್ನೂ ಸಮುದ್ರ ಏರಿದರೆ ಊಟವೂ ಏರುತ್ತದಾ? ಮೂರೂವರೆ ವರ್ಷದವಳಿದ್ದಾಗ ನನ್ನ ಹೊಲಿಗೆ ಯಂತ್ರದ ಬಾಬಿನ್ ಬಿಚ್ಚಿ, ಅದನ್ನು ಮತ್ತೆ ಕೂರಿಸಿ, ಆ ಹೆಸರನ್ನೇ ಸಂಪಾದಿಸಿದವಳು ನೀನು. ಈಗ ಹಡಗಿನ ಇಂಜಿನ್ನನ್ನೇ ಬಿಚ್ಚುತ್ತೀಯ. ಜೋಡಿಸಿದಮೇಲೆ ಕೈಯಲ್ಲಿ ಒಂದೂ ಬೋಲ್ಟು ಉಳಿಯದಿರಲಿ ಎಂಬುದು ನನ್ನ ದಿನನಿತ್ಯದ ಹಾರೈಕೆ.

ನಿನ್ನ ಹಿಂದಿನ ಕಾಗದ ಬಂತು. ಎರಡು ಸಾಲು ಓದಿ ಸಿಟ್ಟು ಬಂತು, ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂತು. ‘ಮುಂದಿನ ಬಂದರಿನಲ್ಲಿ ಇಳಿದು ಮನೆಗೆ ಬಂದ್ಬಿಡ್ತೀನಿ. ಅಮ್ಮನ್ನ ನೋಡ್ಕೊಳ್ಳೋದು ನಿಮ್ಮಿಂದ ಆಗಲ್ಲಪ್ಪ’ ಎಂದಿದ್ದೀಯ. ನಡುವೆ ಇಳಿದರೆ ಇಷ್ಟು ತಿಂಗಳ ತರಬೇತಿ ನೀರುಪಾಲು, ಮತ್ತೆ ಮೊದಲಿಂದ ಶುರು ಮಾಡಬೇಕು, ಅದೂ ಬೇರೆ ಹಡಗಿನಲ್ಲಿ ಜಾಗ ಸಿಕ್ಕರೆ. ಹಾಗೆ ನೀನೇ ಬರೆದು, ‘ಪರವಾಗಿಲ್ಲ’ ಎಂದೂ ನೀನೇ ಬರೆದಿದ್ದೀಯ. ನನಗೆ ಪರವಾಗಿದೆ. ಅಮ್ಮನಿಗೆ ಇನ್ನೂ ಹೆಚ್ಚು ಪರವಾಗಿದೆ. ‘ನಿಮ್ಮಿಂದ ಆಗಲ್ಲ’ ಎಂಬ ಆರೋಪಕ್ಕೆ ನನ್ನ ಲಿಖಿತ ಉತ್ತರವೇ ಈ ಕಾಗದ. ಪೂರ್ತಿ ಓದುವ ತನಕ ಹಡಗಿನ ಏಣಿಗೆ ಕಾಲಿಡಬೇಡ.

ನಿನಗೆ ಗೊತ್ತೇ ಇದೆ, ನಾನು ಕಾಲೇಜಿನಲ್ಲಿ ಮೂರನೇ ದರ್ಜೆಯಲ್ಲಿ ಪಾಸಾಗಿ, ಬೀದಿಯಲ್ಲಿ ಮೊದಲ ದರ್ಜೆಯ ದರ್ಜಿಯಾದವನು. ನಮ್ಮ ಭಾಷೆ ಮೈಯ ತೋಳಿಗೂ ಅಂಗಿಯ ತೋಳಿಗೂ ಒಂದೇ ಮಾತು ಇಟ್ಟುಕೊಂಡಿದೆ. ಅಂಗಿಯ ತೋಳು ಬಿಗಿಯಾದರೆ ನಾನು ಬಿಚ್ಚಿ ಹೊಲಿಯಬಲ್ಲೆ. ಅಮ್ಮನ ರವಿಕೆಯ ತೋಳನ್ನು ವರ್ಷವರ್ಷವೂ ಬಿಚ್ಚಿ ಹೊಲಿದೆ. ಅವಳು ಊಟ ಕಡಿಮೆ ಮಾಡಿದಳು, ಸೊಂಟ ಇಳಿಯಿತು, ತೋಳು ಒಂದು ದಾರದಷ್ಟೂ ಇಳಿಯಲಿಲ್ಲ. ಅಳತೆ ತಪ್ಪಿದರೆ ಬಟ್ಟೆ ಅಳುತ್ತೆ ಎಂದು ನಾನು ಟೇಪಿನ ಮೇಲೆ ಅನುಮಾನಪಟ್ಟು, ಹಳೆಯದು ಹಿಗ್ಗಿಹೋಗಿದೆ ಎಂದು ಹೊಸದೊಂದು ಕೊಂಡೆ. ಹೊಸದೂ ಅದನ್ನೇ ಹೇಳಿತು. ಮುಟ್ಟಿದರೆ ನೋವು, ಬಾಗಿಲಿಗೆ ತಾಗಿದರೆ ನೀಲಿ ಕಲೆ, ಮಣಿಕಟ್ಟಿನ ಹತ್ತಿರ ಮಾತ್ರ ಕಫ್ ಹೊಲಿದಂತೆ ದಪ್ಪ ತಟ್ಟನೆ ನಿಂತುಹೋಗುವುದು. ಕಂಡವರೆಲ್ಲ ‘ಸ್ವಲ್ಪ ಕಡಿಮೆ ತಿನ್ನಿ ಟೀಚರ್’ ಎಂದರು. ಕೊನೆಗೆ ಈ ವೈದ್ಯೆ ತೋಳನ್ನು ಮೆಲ್ಲಗೆ ಒತ್ತಿ ನೋಡಿ, ‘ಇದು ತಿಂದು ಬಂದ ಕೊಬ್ಬಲ್ಲ, ಇದರ ಹೆಸರು ಲಿಪೆಡೀಮಾ’ ಎಂದ ದಿನ, ಅಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಕ್ಕಳು. ಕೊಬ್ಬು ಎಂಬ ಬೈಗುಳದಿಂದ ಬಿಡುಗಡೆ ಸಿಕ್ಕಿತಲ್ಲ! ಗಣಿತದ ಮೇಡಂ ಕರಿಹಲಗೆಯ ಕೆಳಗಿನ ಅರ್ಧದಲ್ಲೇ ಯಾಕೆ ಲೆಕ್ಕ ಮಾಡುತ್ತಾರೆ ಎಂದು ಮಕ್ಕಳಿಗೆ ಗೊತ್ತಿರಲಿಲ್ಲ. ಮೇಲಿನರ್ಧಕ್ಕೆ ತೋಳು ಎತ್ತಿದರೆ ಅವಳಿಗೆ ಜೀವ ಹೋಗುತ್ತಿತ್ತು.

ಸರಿ, ತೋಳಿನ ಆ ರೋಗದ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಆಪರೇಷನ್ ಅವರು ಮಾಡಿದರು, ಮನೆಯನ್ನು ನಾನು ಮಾಡಿದೆ. ಅಮ್ಮ ಆಸ್ಪತ್ರೆಗೆ ಹೋಗುವ ಮೊದಲೇ ಮೇಲಿನ ಅಟ್ಟ, ಎತ್ತರದ ಗೂಡು, ಬಾಗಿಲ ಹಿಂದಿನ ಮೊಳೆ, ಎಲ್ಲವನ್ನೂ ಖಾಲಿ ಮಾಡಿ ಸಾಮಾನನ್ನೆಲ್ಲ ಸೊಂಟದ ಎತ್ತರಕ್ಕೆ ಇಳಿಸಿದೆ. ಸಕ್ಕರೆ ಡಬ್ಬ, ಚಹಾಪುಡಿ, ಸೋಪು, ಬಾಚಣಿಗೆ, ಅವಳ ಕನ್ನಡಕ, ಎಲ್ಲವೂ ಈಗ ಒಂದೇ ಸಾಲಿನಲ್ಲಿ ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ನಿಂತಿವೆ. ಭಾರದ ಕೆಟಲ್ ಒಳಗೆ ಹೋಯಿತು, ಹಗುರದ್ದು ಹೊರಗೆ ಬಂತು. ಲೋಟ ಎತ್ತುವ ಶ್ರಮ ಬೇಡವೆಂದು ಬಾಗುವ ಸ್ಟ್ರಾಗಳನ್ನು ತಂದೆ. ಮಾತ್ರೆಗಳಿಗೆ ನನ್ನ ಗುಂಡಿಪೆಟ್ಟಿಗೆಯನ್ನೇ ತೊಳೆದು ಒಣಗಿಸಿ ಕೊಟ್ಟೆ. ಬಿಳಿ ಗುಂಡಿ ಅಂಟಿಸಿದ ಖಾನೆ ಬೆಳಗಿನದು, ಹಳದಿ ಮಧ್ಯಾಹ್ನದ್ದು, ಕಪ್ಪು ರಾತ್ರಿಯದು. ನಿನ್ನ ಸೋದರತ್ತೆ ಅದನ್ನು ನೋಡಿ, ‘ಲೋ, ಯಾವತ್ತಾದ್ರೂ ಗುಳಿಗೆ ಬದಲು ಗುಂಡಿ ನುಂಗಿಸ್ಬಿಟ್ಟೀಯ!’ ಎಂದಳು. ನಾನು ‘ಅಕ್ಕಾ, ಗುಂಡಿಗೆ ಇರೋನು ನಾನು, ಗಾಬರಿ ಬೀಳಬೇಡ’ ಎಂದೆ.

ದಿಂಬಿನ ಅಧ್ಯಾಯಕ್ಕೆ ಬರೋಣ. ಮಲಗಿದಾಗ ತೋಳು ಎದೆಗಿಂತ ಎತ್ತರದಲ್ಲಿರಬೇಕು, ಆಗ ಊತ ಬೇಗ ಇಳಿಯುತ್ತದೆ. ತಲೆಗೆ ತಲೆದಿಂಬು ಇರುವಾಗ ತೋಳಿಗೆ ತೋಳ್ದಿಂಬು ಯಾಕಿರಬಾರದು? ಅಂಗಡಿಯ ಚಿಂದಿಯನ್ನೆಲ್ಲ ತುಂಬಿ ಎರಡು ಹೊಲಿದೆ. ಅಮ್ಮ ಒಂದರ ಮೇಲೆ ತೋಳಿಟ್ಟು, ‘ಏನ್ರೀ ಇದು, ದಿಂಬಾ, ಮೈಲಿಗಲ್ಲಾ?’ ಎಂದಳು. ಬಿಚ್ಚಿದೆ. ಫೋಮ್ ತಂದು ಇಳಿಜಾರಾಗಿ ಕತ್ತರಿಸಿ, ಸುತ್ತ ಹತ್ತಿ ಹೊದಿಸಿ, ಮೇಲೆ ತೊಳೆಯಲು ಬರುವ ಗವಸು ಹಾಕಿದೆ. ಈಗ ಅವಳು ಎರಡೂ ಕಡೆ ತೋಳ್ದಿಂಬು ಇಟ್ಟುಕೊಂಡು ಮಲಗಿದರೆ ಸಿಂಹಾಸನದಲ್ಲಿ ಒರಗಿದ ಮಹಾರಾಣಿ, ಪಕ್ಕದಲ್ಲಿ ನನಗೆ ಉಳಿದ ಜಾಗ ನಿನ್ನ ಹಡಗಿನ ಬಂಕಿಗಿಂತ ಕಿರಿದು.

ಮೊದಲ ಎರಡು ದಿನದ ಬಗ್ಗೆ ನಿನಗೆ ಯಾರಾದರೂ ಹೆದರಿಸಿದ್ದರೆ ನಂಬು, ಆದರೆ ಹೆದರಬೇಡ. ಸೂಜಿಮೊನೆಯಂಥ ತೂತುಗಳಿಂದ ತಿಳಿಗೆಂಪು ನೀರು ಸೋರುತ್ತಲೇ ಇರುತ್ತದೆ. ಅದು ಸೋರಬೇಕಾದ್ದೇ ಎಂದು ವೈದ್ಯೆ ಮೊದಲೇ ಹೇಳಿದ್ದರು. ಹೀರುವ ದಪ್ಪ ಪ್ಯಾಡುಗಳ ಎರಡು ಕಟ್ಟು, ಹಾಸಿಗೆಯ ಮೇಲೆ ನೀರು ಇಳಿಯದ ಹಾಸು, ಅದರ ಮೇಲೆ ಕಪ್ಪು ಬಣ್ಣದ ಹಳೆಯ ಬೆಡ್‌ಶೀಟು. ಆಸ್ಪತ್ರೆಯಿಂದ ಬರುವಾಗ ಟ್ಯಾಕ್ಸಿಯ ಸೀಟಿಗೂ ಒಂದು ಹಾಸಿದೆ. ಚಾಲಕ ಕನ್ನಡಿಯಲ್ಲಿ ನೋಡಿ, ‘ಮಗು ಇದೆಯಾ ಸಾರ್?’ ಎಂದ. ‘ಇದ್ದಾರೆ, ಐವತ್ತು ದಾಟಿದೆ’ ಎಂದೆ. ಅಮ್ಮನಿಗೆ ಕತ್ತು ತಿರುಗಿಸದೆಯೇ ಒಂದು ನೋಟ ಬೀರುವ ಕಲೆ ಇದೆ, ಅದನ್ನು ಬೀರಿದಳು.

ಈ ಎಲ್ಲ ಸರಂಜಾಮಿನ ಸೇನಾಪತಿ ಎಂದರೆ ಒತ್ತಂಗಿ. ಪೆಟ್ಟಿಗೆಯ ಮೇಲೆ ಕಂಪ್ರೆಷನ್ ಜಾಕೆಟ್ ಎಂದಿತ್ತು, ಎದುರಿಗೆ ಜಿಪ್ಪು, ಬೆರಳಗಂಟಿನವರೆಗೆ ತೋಳು. ಹಗಲೂ ರಾತ್ರಿ ಹಾಕಿಕೊಂಡಿರಬೇಕು, ಸ್ನಾನಕ್ಕೆ ಮಾತ್ರ ತೆಗೆಯಬೇಕು. ಅದಕ್ಕೇ ಎರಡು ಇರಬೇಕು, ಒಂದು ಮೈಮೇಲೆ, ಇನ್ನೊಂದು ಹಗ್ಗದ ಮೇಲೆ. ಆಪರೇಷನ್ನಿಗೆ ಮೊದಲೇ, ಪೆಟ್ಟಿಗೆ ಬಂದ ದಿನ, ಟೇಪಿಟ್ಟು ಅಳೆದೆ. ತೋಳಿನ ಸುತ್ತಳತೆ ಅಮ್ಮನದಕ್ಕಿಂತ ಎಷ್ಟೋ ಕಡಿಮೆ! ಯಾರೋ ಅನನುಭವಿ ಕತ್ತರಿಸಿದ್ದಾನೆ ಎಂದು ಬೈದುಕೊಂಡು, ಬಗಲ ಹೊಲಿಗೆಯ ಎರಡು ಗಂಟು ಆಗಲೇ ಕಿತ್ತಿದ್ದೆ. ಅಮ್ಮ ಒಳಗಿಂದ ಓಡಿ ಬಂದಳು. ‘ಕತ್ತರಿ ಕೆಳಗಿಡ್ರೀ! ಅದಕ್ಕೆ ಬಿಗಿಯೋದೇ ಕೆಲಸ, ಅದನ್ನೂ ಸಡಿಲ ಮಾಡಿ ಕೊಡ್ತೀರಾ?’ ಜೀವಮಾನವಿಡೀ ‘ಸ್ವಲ್ಪ ಬಿಗಿ ಆಯ್ತು ಮಾಸ್ಟ್ರೇ’ ಎಂಬ ದೂರು ಕೇಳಿದ ದರ್ಜಿಗೆ, ಬಿಗಿಯಾಗಿರುವುದೇ ಸರಿಯಾದ ಅಳತೆ ಎಂಬ ಬಟ್ಟೆಯೊಂದು ಲೋಕದಲ್ಲಿದೆ ಎಂದು ಒಪ್ಪುವುದು ಧರ್ಮಸಂಕಟ. ಕಿತ್ತ ಎರಡು ಗಂಟನ್ನು ಮತ್ತೆ ಹಾಕಿದೆ, ಈಗ ಕಂಪನಿಯ ಹೊಲಿಗೆಗಿಂತ ಗಟ್ಟಿ. ಅದನ್ನು ತೋಳಿಗೆ ಏರಿಸುವುದು ಒದ್ದೆ ಕಾಲಿಗೆ ಕಾಲುಚೀಲ ಹಾಕಿದಂತೆ. ಅದಕ್ಕೊಂದು ಉಪಾಯ ಮಾಡಿದೆ. ಕೋಟಿನ ಒಳಗೆ ಹಾಕುವ ಜಾರುವ ಲೈನಿಂಗ್ ಬಟ್ಟೆಯಿಂದ ಉದ್ದನೆಯ ಚೀಲ ಹೊಲಿದೆ. ಮೊದಲು ಅದನ್ನು ತೋಳಿಗೆ ತೊಡಿಸಿ, ಮೇಲೆ ಒತ್ತಂಗಿ ಏರಿಸಿ, ಆಮೇಲೆ ಚೀಲವನ್ನು ಬೆರಳ ಕಡೆಯಿಂದ ಸರ್ರನೆ ಎಳೆದುಬಿಟ್ಟರೆ ಆಯಿತು. ಎಳೆಯುವವರ ಕೈಗೆ ರಬ್ಬರ್ ಗವಸಿದ್ದರೆ ಬಟ್ಟೆ ಜಾರದು. ಡ್ರೆಸ್ಸಿಂಗ್ ನೋಡಲು ಬಂದ ನರ್ಸ್ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿ, ಇನ್ನೊಬ್ಬ ರೋಗಿಗೂ ಒಂದು ಬೇಕೆಂದು ಕೇಳಿದರು. ಮೊದಲ ದರ್ಜೆ ಎಂದು ಸುಮ್ಮನೆ ಅಂದೆನೇ?

ನಾಲ್ಕನೇ ದಿನಕ್ಕೆ ನಿನ್ನ ಸೋದರತ್ತೆ ಬಂದಳು. ಸಹಾಯಕ್ಕೆ ಎಂದುಕೊಳ್ಳಬೇಡ, ತಪಾಸಣೆಗೆ. ಅಡುಗೆಮನೆಯಲ್ಲಿ ಬೆರಳಾಡಿಸಿ ಧೂಳು ಹುಡುಕಿದಳು, ಸಿಗಲಿಲ್ಲವೆಂದು ಬೇಸರಪಟ್ಟಳು. ಗಾಯ ಮಾಯುವಾಗ ತುರಿಕೆ ಏಳುತ್ತದೆ, ಉಗುರು ತಾಗಿಸುವಂತಿಲ್ಲ. ಅಮ್ಮ ಒದ್ದೆ ಬಟ್ಟೆಯನ್ನು ಒತ್ತಂಗಿಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿ ಎರಡರ ಮಗ್ಗಿಯಿಂದ ಶುರುಮಾಡುತ್ತಾಳೆ. ಹತ್ತೊಂಬತ್ತರ ಮಗ್ಗಿಗೆ ಬರುವಷ್ಟರಲ್ಲಿ ತುರಿಕೆಗೇ ಬೇಜಾರಾಗಿ ಹೊರಟುಹೋಗುತ್ತದೆ.

ಈಗ ನಿಜವಾದ ಸುದ್ದಿ. ಮೂರು ವಾರ ದಾಟಿತು. ನೇರಳೆ ಇದ್ದ ತೋಳು ಹಸಿರಾಗಿ, ಹಸಿರು ಹಳದಿಯಾಗಿ, ಈಗ ಹಳದಿಯೂ ಅಂಚಿನಲ್ಲಷ್ಟೇ ಉಳಿದಿದೆ. ಮೊನ್ನೆ ಅವಳು ಕಿಟಕಿಯ ಪಕ್ಕ ನಿಂತು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಬಲಗೈಯನ್ನು ಮೆಲ್ಲಗೆ ಮೇಲೆತ್ತಿದಳು. ಭುಜ ದಾಟಿತು. ಕಿವಿ ದಾಟಿತು. ಪರದೆಯ ಸರಳನ್ನು ಮುಟ್ಟಿ, ಅಲ್ಲೇ ಬೆರಳನ್ನು ಒಂದು ಗಳಿಗೆ ಇಟ್ಟುಕೊಂಡಳು. ತಿರುಗಿದಾಗ ನನ್ನನ್ನು ಕಂಡು, ‘ಧೂಳಿತ್ತು’ ಎಂದಳು. ನಾನು ಹೂಂ ಎಂದೆ. ಇನ್ನೂ ತಿಂಗಳುಗಟ್ಟಲೆ ಒತ್ತಂಗಿ ಇದೆ, ಊತ ಇಳಿಯಬೇಕು, ಕಾಲಿಗೂ ಇದೇ ಕಾಯಿಲೆ, ಅದರ ವಿಚಾರ ಆಮೇಲೆ ನೋಡಬೇಕು. ಕಾಯಿಲೆ ಬುಡಸಮೇತ ಹೋಯಿತೆಂದು ವೈದ್ಯೆಯೂ ಹೇಳಿಲ್ಲ. ಆದರೆ ನೋವು ಕಡಿಮೆ ಇದೆ, ಮಗಳೇ. ಅಷ್ಟನ್ನು ಅಮ್ಮ ತಾನಾಗಿ ಹೇಳಿದಳು, ನಾನು ಕೇಳದೆ.

ಆದ್ದರಿಂದ ನನ್ನ ತೀರ್ಪು: ಹಡಗಿನಿಂದ ಇಳಿಯಕೂಡದು. ಇಲ್ಲಿ ಎಲ್ಲವೂ ನನ್ನ ಕೈಯಲ್ಲಿದೆ. ಮೂವತ್ತು ವರ್ಷದ ಹಿಂದೆ ಕೈಹಿಡಿದವಳನ್ನು ಈಗ ಕೈಬಿಡುವವನಲ್ಲ, ಯಾರೂ ಕೈಕೊಟ್ಟಿಲ್ಲ, ಯಾವುದೂ ಕೈಮೀರಿಲ್ಲ. ಒಬ್ಬನೇ, ಒಂದು ದಿನವೂ ಕೈಚೆಲ್ಲಿ ಕೂರದೆ, ಈ ಎರಡೇ ಕೈಗಳಿಂದ ಇಡೀ ಸಂಸಾರವನ್ನು ಸುಕ್ಕಿಲ್ಲದಂತೆ ಇಸ್ತ್ರಿ ಮಾಡಿ ಇಟ್ಟಿದ್ದೇನೆ. ನಿನ್ನ ಇಂಜಿನ್ನು ತಪ್ಪದೆ ಬಡಿದುಕೊಳ್ಳಲಿ, ನಿನ್ನ ಕೈ ಎಣ್ಣೆಯಲ್ಲೂ ಹೆಸರು ಬೆಳಕಲ್ಲೂ ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ದೊಡ್ಡ ಇಂಜಿನಿಯರ್ ಸಾಹೇಬರಿಗೆ ನಮ್ಮ ನಮಸ್ಕಾರ ತಿಳಿಸು.

ನಿನ್ನ ಅಪ್ಪ
(ಅಂಗಡಿ ಮಾಸ್ಟ್ರು)

ತಾ.ಕ.: ಅಮ್ಮ ಪೆನ್ನು ಕೆಳಗಿಟ್ಟು ಕೂತುಬಿಟ್ಟಿದ್ದಳು. ‘ನಾಲ್ಕನೇ ದಿನದ್ದು ಹೇಳದೇ ಇದ್ರೆ ಕವರ್ ಅಂಟಿಸಲ್ಲ, ವಿಳಾಸನೂ ಬರೆಯಲ್ಲ’ ಎಂದಳು. ಹೇಳುತ್ತೇನೆ. ಒತ್ತಂಗಿಯನ್ನು ಮೊದಲ ಸಲ ತೆಗೆಯುವಾಗ ತಲೆ ಸುತ್ತಬಹುದು ಎಂದು ಎಚ್ಚರಿಸಿದ್ದರು. ಅಮ್ಮನಿಗಾಗಿ ಕುರ್ಚಿ ಇಟ್ಟೆ, ಸಿಹಿನೀರು ಇಟ್ಟೆ, ಕಿಟಕಿ ತೆಗೆದೆ. ಜಿಪ್ಪು ಇಳಿಸಿದೆ. ಆ ನೇರಳೆ ತೋಳು ಕಂಡೆ. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ, ಅಮ್ಮ ಕುರ್ಚಿಯಲ್ಲಿ ಕೂತು ಸಿಹಿನೀರನ್ನು ನನ್ನ ಮುಖಕ್ಕೆ ಎರಚುತ್ತಾ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿನ್ನ ಸೋದರತ್ತೆಯನ್ನು ಕರೆಯುತ್ತಿದ್ದಳು. ಬಿದ್ದದ್ದು ಬಲಗೈ ಮೇಲೆ. ಮಣಿಕಟ್ಟು ಮುರಿದಿದೆ, ಮೊಣಕೈವರೆಗೆ ಪ್ಲಾಸ್ಟರು. ತಪಾಸಣೆಗೆ ಬಂದವಳು ಇನ್ನೂ ಹೋಗಿಲ್ಲ, ಮನೆ ನಡೆಯುತ್ತಿರುವುದು ಅವಳಿಂದ. ಅಕ್ಷರ ನೋಡಿದಾಗಲೇ ನಿನಗೆ ಗೊತ್ತಾಗಿರಬೇಕು, ಈ ಕಾಗದದಲ್ಲಿ ನನ್ನದು ಬಾಯಿ ಮಾತ್ರ. ಮೊದಲ ಸಾಲಿನಿಂದ ಈ ಸಾಲಿನವರೆಗೆ ಬರೆದ ಕೈ ಅಮ್ಮನದು, ನಡುವೆ ಎರಡು ಸಲ ನಿಲ್ಲಿಸಿದ್ದೂ ನೋವಿಗಲ್ಲ, ನನ್ನ ಸುಳ್ಳಿಗೆ ನಗು ತಡೆಯಲಾರದೆ. ತೀರ್ಪಿನ ಆ ನಾಲ್ಕು ಸಾಲಿನ ‘ಕೈ’ಗಳನ್ನೆಲ್ಲ ಬರೆಯುವಾಗ ಅವಳು ನಕ್ಕ ರಭಸಕ್ಕೇ ಅಲ್ಲಿ ಅಕ್ಷರ ಅಲ್ಲಾಡಿದೆ. ಸಹಿ ಮಾತ್ರ ನನ್ನದು, ಎಡಗೈಯದು. ನಿನ್ನ ಸೋದರತ್ತೆ ಅದನ್ನು ನೋಡಿ, ಯಾವ ಮಗು ಗೀಚಿತು ಎಂದು ಕೇಳಿದಳು.