ನಲವತ್ತೊಂದು ಸಾಮಾನು, ಒಂದೇ ಹೆಸರು

ಹುಲಿಮಕ್ಕಿ, ಕೊಟ್ಟಿಗೆಹಾರದ ಹತ್ತಿರ
6 ನವೆಂಬರ್ 2025, ಗುರುವಾರ

ಗಂಗಾಳಿಗೆ ಶರಣು.

ಕವರಿನ ಮೇಲಿನ ಅಕ್ಷರ ನೋಡಿಯೇ ಯಾರದೆಂದು ಗೊತ್ತಾಗಿರುತ್ತದೆ. ಒಡೆಯದೆ ಎತ್ತಿಡಬೇಡ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾನು ಮಾತಾಡುವುದಿಲ್ಲ, ಭಾಷಣ ಮಾಡುತ್ತೇನೆ ಎಂದು ನೀನೇ ಒಮ್ಮೆ ಹೇಳಿದ್ದೆ. ಭಾಷಣಕ್ಕೆ ಬೇಕಾದಷ್ಟು ಉಸಿರು ಈಗ ಉಳಿದಿಲ್ಲ.

ಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳಿಲ್ಲದೆ ಮುಚ್ಚಿದ ನಮ್ಮೂರ ಶಾಲೆಯ ಎರಡು ಕೋಣೆಗಳು ಕೊನೆಗೂ ಊರಿನ ಸಮಿತಿಗೆ ಸಿಕ್ಕಿವೆ. ಇದೇ 23ನೇ ತಾರೀಕು ಅಲ್ಲಿ ವಸ್ತುಸಂಗ್ರಹಾಲಯ ತೆರೆಯುತ್ತದೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ನೀನು ಕೇಳಿ ತಂದ ಆ ನಲವತ್ತೊಂದು ಸಾಮಾನು ಅಲ್ಲಿಗೆ ಹೋಗುತ್ತವೆ. ಅವು ಯಾರ್‍ಯಾರವೆಂದು ನೀನು ಡ್ರಾಯಿಂಗ್ ಪುಸ್ತಕದಲ್ಲಿ ಚಿತ್ರದ ಕೆಳಗೆ ಒಂದೊಂದಾಗಿ ಬರೆದುಕೊಂಡಿದ್ದೆ. ನನಗೆ ಆ ಹೆಸರುಗಳು ಬೇಕು.

ಒಂಬತ್ತು ವರ್ಷ ಬೇಡವಾದದ್ದು ಈಗೇಕೆ ಎಂದು ಕೇಳುತ್ತೀಯ. ಅದನ್ನು ಹೇಳಲೆಂದೇ ಈ ಕಾಗದ.

ಜಪಾನಿನಿಂದ ಬಂದು ಹನ್ನೊಂದು ದಿನವಾಯಿತು. ಕೃತಿಕಾ ಭಾನುವಾರದ ಫೋನಿನಲ್ಲಿ ಒಂದಿಷ್ಟು ಹೇಳಿರುತ್ತಾಳೆ, ಅಪ್ಪ ಚಟ್ನಿಪುಡಿಯ ಡಬ್ಬಿಯನ್ನು ಐದೇ ದಿನದಲ್ಲಿ ಖಾಲಿ ಮಾಡಿದ್ದನ್ನಂತೂ ಬಿಟ್ಟಿರಲಾರಳು. ಎಲೆರೋಗದ ಸಂಶೋಧನೆಗೆಂದು ಅವಳು ಇರುವ ಊರು ನಾಗಾನೊ ಕಡೆಯ ಬೆಟ್ಟಗಳ ನಡುವೆ ಇದೆ. ಏನು ನೋಡುತ್ತೀ ಅಪ್ಪ ಎಂದು ಕೇಳಿದಾಗ, ಅರಮನೆ ಬೇಡ, ವೇಗದ ರೈಲೂ ಬೇಡ, ಸಣ್ಣ ಊರುಗಳು ತಮ್ಮ ಚರಿತ್ರೆಯನ್ನು ಎಲ್ಲಿಟ್ಟಿವೆಯೋ ಅದನ್ನು ತೋರಿಸು ಎಂದೆ. ಮೂರು ವಾರದಲ್ಲಿ ಹನ್ನೊಂದು ಮ್ಯೂಸಿಯಂ ತೋರಿಸಿದಳು. ನನ್ನ ಮಂಡಿ ಇನ್ನೂ ಸುಧಾರಿಸಿಕೊಂಡಿಲ್ಲ.

ನಿಜ ಹೇಳಲೇ? ನಾನು ಹೋದದ್ದು ಸಿಟ್ಟು ತುಂಬಿಕೊಂಡು ಬರಲಿಕ್ಕೆ. ಅವರನ್ನು ನೋಡಿ, ನಮ್ಮವರನ್ನು ನೋಡಿ ಎಂದು ಪತ್ರಿಕೆಗೆ ಒಂದು ಲೇಖನ ಆಗಲೇ ಅರ್ಧ ಬರೆದಿಟ್ಟು ಹೋಗಿದ್ದೆ. ದೇವರಮನೆ ಬೆಟ್ಟಕ್ಕೆ ಕಾರುಗಳ ಸಾಲು ಹತ್ತಿಸುವ ನಾವು, ಅರವತ್ತು ವರ್ಷದ ಮಳೆ ಲೆಕ್ಕದ ಪುಸ್ತಕಗಳನ್ನು ಗುಜರಿಗೆ ಹಾಕಿದವರು. ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಅಜ್ಜಂದಿರ ಕಾಲದ ಪಲ್ಪರ್ ಯಂತ್ರಕ್ಕೆ ಬಣ್ಣ ಬಳಿದು ರೆಸಾರ್ಟಿನ ಬಾಗಿಲಲ್ಲಿ ಹೂಕುಂಡ ಮಾಡಿದವರು. ತಾಲ್ಲೂಕಿಗೊಂದು ಸಂಗ್ರಹಾಲಯ ಬೇಕೆಂದು ಎಂಬತ್ತೊಂಬತ್ತರಲ್ಲಿ ಒಂದು ಸಭೆ ಗೊತ್ತುವಳಿ ಮಾಡಿತು, ತೊಂಬತ್ತೇಳರಲ್ಲಿ ಇನ್ನೊಂದು ಅದನ್ನೇ ಮಾಡಿತು. ಎರಡೂ ಸಭೆಯಲ್ಲಿ ಹಂಚಿದ ಚಿತ್ರಾನ್ನದ ರುಚಿ ಸಹ ನನಗೆ ನೆನಪಿದೆ. ಲೇಖನ ಹೀಗೆಯೇ ಸಾಗಿತ್ತು. ಈಗ ಓದಿದರೆ ನನಗೇ ದಣಿವಾಗುತ್ತದೆ.

ಅಲ್ಲಿಯೂ ಎಲ್ಲ ಚೆಂದವಿಲ್ಲ, ಗಂಗಾ. ಅಲ್ಲಿಯೂ ಮಕ್ಕಳಿಲ್ಲದೆ ಶಾಲೆಗಳು ಮುಚ್ಚುತ್ತವೆ, ಮುಚ್ಚಿದ ಶಾಲೆಯೇ ಮ್ಯೂಸಿಯಂ ಆಗುತ್ತದೆ. ಬಾಗಿಲಲ್ಲಿ ಬೂಟು ಬಿಚ್ಚಿ ಅವರು ಕೊಟ್ಟ ಚಪ್ಪಲಿ ಹಾಕಿಕೊಳ್ಳಬೇಕು, ಅದು ನನ್ನ ಕಾಲಿಗೆ ಎಲ್ಲಿಯೂ ಸಾಲಲಿಲ್ಲ. ಒಂದು ಕಡೆ ನಾವಿಬ್ಬರು ಹೋದ ಮೇಲೆ ದೀಪ ಹಾಕಿದರು, ಹೊರಟ ತಕ್ಷಣ ಆರಿಸಿದರು. ತುಪ್ಪಳ ಉದುರಿದ ಕರಡಿ, ಊರಿನ ಹೊಳೆಯ ಮೀನುಗಳು, ಜೋಡಿಸಿಟ್ಟ ಚಿಟ್ಟೆಗಳು. ಪಕ್ಕದ ಕೋಣೆಯಲ್ಲಿ ನೇಗಿಲು, ರೇಷ್ಮೆಹುಳು ಸಾಕುವ ತಟ್ಟೆ, ಹಿಮದಲ್ಲಿ ನಡೆಯುವ ಹುಲ್ಲಿನ ಬೂಟು. ಊರಿನ ಪ್ರಾಣಿ, ಊರಿನ ಕಲ್ಲು, ಊರಿನ ಜನ, ಎಲ್ಲ ಒಂದೇ ಸೂರಿನ ಕೆಳಗೆ. ಐದಾರು ನೋಡುವಷ್ಟರಲ್ಲಿ ಎಲ್ಲ ಕಲಸಿಹೋದವು. ನೋಡಿದ್ದು ಸಾಕು, ಮನೆಗೆ ಹೋಗೋಣ ಎಂದೆ. ಒಂದೇ ಒಂದು ಅಪ್ಪ, ಬಸ್ಸು ಬರಲು ಇನ್ನೂ ಹೊತ್ತಿದೆ ಎಂದು ಅವಳು ಒಳಗೆ ಕರೆದುಕೊಂಡು ಹೋದಳು.

ಅದು ಏಳನೆಯದು. ಗೋಡೆಯ ಮೇಲೆ ಮಳೆಗೆ ತೊಡುವ ಹುಲ್ಲಿನ ಹೊದಿಕೆ ತೂಗಿತ್ತು. ನಮ್ಮ ಗೊರಬಿನ ಅಣ್ಣನೋ ತಮ್ಮನೋ ಎಂಬಂತೆ. ನಾಟಿಯವರು ಬೆನ್ನಿಗೆ ಹಾಕಿಕೊಳ್ಳುವ ನಮ್ಮದು ಬಿದಿರು ಮತ್ತು ಎಲೆಯದು, ಅವರದು ಭತ್ತದ ಹುಲ್ಲಿನದು, ಅಷ್ಟೇ. ಕೆಳಗಿದ್ದ ಚೀಟಿಯನ್ನು ಕೃತಿಕಾ ಓದಿ ಹೇಳಿದಳು. ಹೆಣೆದವಳು ಕಿನು ಎಂಬವಳು, ಮಗಳ ಮದುವೆಗೆಂದು. ಹದಿನಾರು ವರ್ಷ ಅದನ್ನು ತೊಟ್ಟವಳು ಆ ಮಗಳು. ಕೊಟ್ಟವನು ಮೊಮ್ಮಗ. ಇಷ್ಟೇ. ಆ ಊರಿನ ಜಮೀನ್ದಾರನ ಹೆಸರು ಅದರಲ್ಲಿ ಇರಲಿಲ್ಲ.

ಅಲ್ಲಿ ನೋಡಿಕೊಳ್ಳುವವಳು ಎಂಬತ್ತರ ಮುದುಕಿ. ನಿಮ್ಮ ಕಡೆ ಮಳೆಗೆ ಏನು ಹಾಕುತ್ತಾರೆ ಎಂದು ಕೃತಿಕಾಳಿಂದ ಕೇಳಿಸಿದಳು. ಇಂಥದ್ದು ನನ್ನ ಸಂಗ್ರಹದಲ್ಲಿಯೂ ಒಂದಿದೆ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ. ಅದು ಯಾರದ್ದು ಎಂದಳು. ಶಶಿಧರ್ ಅವರ ಎಸ್ಟೇಟಿನದು ಎಂದೆ. ಕೃತಿಕಾ ನನ್ನ ಮಾತನ್ನು ಜಪಾನಿ ಭಾಷೆಗೆ ತಿರುಗಿಸಲಿಲ್ಲ. ನನ್ನ ಮುಖ ನೋಡಿ, "ಅದು ಗಿಡ್ಡಮ್ಮಜ್ಜಿದು ಅಪ್ಪ. ಅಮ್ಮ ಹೇಳಿದಾರೆ" ಎಂದಳು. ಆಮೇಲೆ ಮುದುಕಿಗೂ ಅದನ್ನೇ ಹೇಳಿದಳೆಂದು ಕಾಣುತ್ತದೆ. ಅವಳು "ಗಿಡ್ಡಮ್ಮ, ಗಿಡ್ಡಮ್ಮ" ಎಂದು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದಳು.

ನಮ್ಮ ಬೆಟ್ಟದ ರೂಢಿ ನಿನಗೆ ಗೊತ್ತೇ ಇದೆ. ಇಲ್ಲಿ ದನಕ್ಕೂ ದಾರಿಗೂ ಮನುಷ್ಯರಿಗೂ ಎಸ್ಟೇಟಿನ ಹೆಸರೇ ಮನೆತನದ ಹೆಸರು. 2016ರಲ್ಲಿ ಶಾಲೆಯ ಶತಮಾನೋತ್ಸವದ ಪ್ರದರ್ಶನಕ್ಕೆ ಸಾಮಾನುಗಳು ಶಶಿಧರ್ ಅವರ ಜೀಪಿನಲ್ಲಿ ಬಂದವು. ನಲವತ್ತೊಂದಕ್ಕೂ "ಕೊಡುಗೆ: ಶಶಿಧರ್ ಅವರು" ಎಂದು ನಾನೇ ಚೀಟಿ ಬರೆದು ಅಂಟಿಸಿದೆ. ಕೈ ತಾನಾಗಿ ಬರೆಯಿತು, ಮರ್ಯಾದೆ ಎಂದುಕೊಂಡೆ. ಲೈನಿನ ಗಿಡ್ಡಮ್ಮ ಬಂದು, ನನ್ನದರ ಮೇಲೆ ಏನು ಬರೆದಿದೆ ಓದಿ ಅಂತ ನಿನ್ನನ್ನೇ ಕೇಳಿದ್ದು. ನೀನು ಓದಿದೆ. ಅವಳು, "ಅಯ್ಯೋ ಅಮ್ಮಾ, ಗೌಡ್ರು ಯಾವಾಗ ಗೊರಬು ಕಟ್ಟಾದು ಕಲ್ತ್ರು? ದಬ್ಬೆ ಸೀಳಕ್ ಬತ್ತದಾ ಅವ್ರಿಗೆ?" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನೀನು ನಗಲಿಲ್ಲ. ಮನೆಗೆ ಬಂದು, ನಾಳೆ ಚೀಟಿ ಬದಲಿಸಿ ಎಂದು ನನಗೆ ಹೇಳಿದೆ. ಜೀಪು ಅವರದು, ಸಾಮಾನು ಇಡುವ ಗೋಡೌನು ಅವರದು, ಒಂದು ಚೀಟಿಗಾಗಿ ಕೆಡಿಸಿಕೊಳ್ಳಬೇಕೇ ಎಂದು ನಾನು ಕೂಗಾಡಿದೆ. ಮುಂದಿನ ಜೂನಿಗೆ ನೀನು ಕಳಸದ ಶಾಲೆಗೆ ವರ್ಗ ಮಾಡಿಸಿಕೊಂಡೆ. ನಿವೃತ್ತಿಯಾದ ಮೇಲೂ ಬರಲಿಲ್ಲ.

ಜಪಾನಿನಿಂದ ಬಂದ ಮಾರನೆಯ ದಿನವೇ ಲೈನಿಗೆ ಹೋದೆ. ಹಳಬರು ಚದುರಿಹೋಗಿದ್ದಾರೆ, ಈಗ ಅಲ್ಲಿರುವವರು ಅಸ್ಸಾಮಿನ ಕಡೆಯವರು. ಉಳಿದಿರುವವನು ಲಕ್ಕಯ್ಯ ಒಬ್ಬನೇ. "ಮೇಷ್ಟ್ರು ನಮ್ ಲೈನಿಗ್ ಬಂದಿದ್ದು ಇದೇ ಮೊದ್ಲು, ಕೂತ್ಕಳಿ" ಎಂದು ಸ್ಟೂಲು ಹಾಕಿದ. ಕುಟುಕಲಿಕ್ಕೆ ಹೇಳಿದ್ದಲ್ಲ ಅದು. ಅವನಿಗೆ ನೆನಪಿದ್ದದ್ದು ಏಳು ಸಾಮಾನು. "ಅಮ್ಮಾರು ಚಿತ್ರ ಬರ್ಕಂಡಿದ್ರಲ್ಲ, ಅದ್ರಲ್ಲಿ ನಮ್ಮಪ್ಪನ್ ಹೆಸ್ರೂ ಐತೆ. ಅವ್ರನ್ನೇ ಕೇಳಿ. ಕೇಳಕ್ಕೇನ್ ನಾಚ್ಕೆ?" ಎಂದ. ಗಿಡ್ಡಮ್ಮ ಈಗ ಹೊರನಾಡಿನಲ್ಲಿ ಮಗಳ ಮನೆಯಲ್ಲಿದ್ದಾಳಂತೆ. ನಿನಗೆ ಹತ್ತಿರ.

ಶಶಿಧರ್ ಅವರಿಗೆ ಫೋನ್ ಮಾಡಲು ಎರಡು ದಿನ ಹಿಡಿಯಿತು. ಏನೇನೋ ಪೀಠಿಕೆ ಹಾಕಿದೆ. ಅವರು ನಕ್ಕುಬಿಟ್ಟರು. "ಅಯ್ಯೋ ಮಾರಾಯ್ರೇ, ಒಂದಿನ ಜೀಪ್ ಕೊಟ್ಟಿದ್ದಪ್ಪ. ನನ್ನ ಹೆಸ್ರು ಯಾಕ್ ಬರೆದ್ರಿ ಅಂತ ಆವತ್ತೇ ಅನ್ಕೊಂಡೆ, ನಿಮಗೆ ಬೇಜಾರಾಗ್ಬಾರ್ದು ಅಂತ ಸುಮ್ನಿದ್ದೆ. ತೆಗೀರಿ ತೆಗೀರಿ" ಎಂದರು. ಒಂಬತ್ತು ವರ್ಷ ಅವರ ಮರ್ಯಾದೆ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ನನ್ನ ಮರ್ಯಾದೆ ಕಾಯುತ್ತಿದ್ದರು.

ಸಮಿತಿಯ ಅಧ್ಯಕ್ಷ ಶೇಷಪ್ಪ ಮಾತ್ರ ರೇಗಿದ. "ಇಷ್ಟ್ ವರ್ಷ ಸುಮ್ನಿದ್ದು, ಓಪನಿಂಗ್ ಹತ್ರ ಬಂದಾಗ ಹೇಳ್ತೀರಲ್ಲ ಮೇಷ್ಟ್ರೇ! ಜಪಾನಿನ್ ಗಾಳಿ ತಲೆಗ್ ಹತ್ತಿದ್ಯಾ?" ಕೊನೆಗೆ, ಮುಂದಿನ ಶನಿವಾರದೊಳಗೆ ಹೆಸರು ತಂದರೆ ಚೀಟಿ ಹೊಸದಾಗಿ ಅಚ್ಚು ಹಾಕಿಸುತ್ತೇನೆ, ಇಲ್ಲದಿದ್ದರೆ ಹಳೆಯದೇ ಎಂದ. ಹದಿನೈದನೇ ತಾರೀಕು. ತಪ್ಪಿದರೆ ಲಕ್ಕಯ್ಯನ ಅಪ್ಪ, ಗಿಡ್ಡಮ್ಮ, ಮಿಕ್ಕವರೆಲ್ಲ ಮತ್ತೆ ಎಸ್ಟೇಟಿನ ಹೆಸರಿನ ಕೆಳಗೆ ಹೋಗುತ್ತಾರೆ, ಈ ಸಲ ಗಾಜಿನ ಹಿಂದೆ, ಶಾಶ್ವತವಾಗಿ. ಅವರನ್ನು ಬಲ್ಲವರು ಇನ್ನು ಹತ್ತು ವರ್ಷಕ್ಕೆ ಯಾರೂ ಇರುವುದಿಲ್ಲ.

ಪುಸ್ತಕವನ್ನು ನನಗೆ ಕೊಡಬೇಡ. ಪುಟಗಳ ಫೋಟೊ ತೆಗೆದು ಕೃತಿಕಾಗೆ ಕಳಿಸಿದರೆ ಸಾಕು, ಅವಳು ನನಗೆ ತಲುಪಿಸುತ್ತಾಳೆ. ನನ್ನೊಡನೆ ಮಾತಾಡುವ ಕಷ್ಟವೂ ಇರುವುದಿಲ್ಲ. ಆಗಬಹುದಾದರೆ 23ಕ್ಕೆ ಗಿಡ್ಡಮ್ಮನನ್ನು ಕರೆದುಕೊಂಡು ಬಾ. ಅವಳಿಗೆ ಓದಿ ಹೇಳಲು ಯಾರಾದರೂ ಬೇಕು.

ನಾಡಿನವರ ತಪ್ಪನ್ನೆಲ್ಲ ಇಸವಿ ಸಮೇತ ನೆನಪಿಟ್ಟುಕೊಂಡವನು ನಾನು. ನನ್ನದೊಂದನ್ನು ಒಪ್ಪಿಕೊಳ್ಳಲು ಅಷ್ಟು ದೂರ ಹೋಗಬೇಕಾಯಿತು. ಬೇರೆ ಹೇಳಲು ಏನೂ ಉಳಿದಿಲ್ಲ.

ಇಂತು,
ಷಡಕ್ಷರಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಬಾಗಿಲ ಪಕ್ಕಕ್ಕೆ ಒಂದು ಕಪ್ಪು ಕಲ್ಲು ಕೆತ್ತಿಸುತ್ತಿದ್ದಾರೆ. ಅದರ ಮೇಲೆ "ಸಂಗ್ರಹ: ಷಡಕ್ಷರಿ" ಎಂದು ಹಾಕಿ ಅಂತ ಜಪಾನಿಗೆ ಹೊರಡುವ ಹಿಂದಿನ ದಿನ ಬರೆದುಕೊಟ್ಟವನು ನಾನೇ, ಯಾರೂ ನನ್ನನ್ನು ಕೇಳಿರಲಿಲ್ಲ. ಅದುವರೆಗೆ ಲೈನಿನ ಒಂದು ಮನೆಯ ಹೊಸ್ತಿಲನ್ನೂ ನಾನು ತುಳಿದವನಲ್ಲ. ಇವತ್ತು ಬೆಳಿಗ್ಗೆ ಹೋಗಿ, ಕಲ್ಲು ಕೆತ್ತುವ ರುದ್ರಪ್ಪನಿಂದ ಆ ಸಾಲನ್ನು ಕೊಯ್ಯಿಸಿ ತೆಗೆಸಿದೆ. ಕಲ್ಲು ನಾಲ್ಕು ಬೆರಳು ಗಿಡ್ಡವಾಯಿತು. ಉಳಿದ ಕಲ್ಲಿನ ಮೇಲೆ ನಿನ್ನ ಹೆಸರು ಹಾಕಲು ಅವನಿಗೆ ಹೇಳಿದೆ. "ಷಡಕ್ಷರಿ ಮೇಷ್ಟ್ರ ಮನೆಯವ್ರು ಅಂತ ಹಾಕ್ಲಾ?" ಎಂದು ಕೇಳಿದ. ಬೇಡ, ಶಿವಗಂಗಮ್ಮ ಎಂದಷ್ಟೇ ಹಾಕು ಎಂದೆ. ಇನಿಷಿಯಲ್ ಕೇಳುತ್ತಿದ್ದಾನೆ. ನಿನ್ನ ಅಪ್ಪನದೋ, ನನ್ನದೋ, ಯಾರದೂ ಬೇಡವೋ, ಅದನ್ನು ಹೇಳಲು ನನಗೆ ಹಕ್ಕಿಲ್ಲ. ಅಷ್ಟು ಜಾಗ ಖಾಲಿ ಬಿಟ್ಟು ಕೂತಿದ್ದಾನೆ.